ಆದಿಪುರಾಣದ ಭರತ: ನಾಯಕಗುಣದ ಒಂದು ಪರಿಶೀಲನೆ

ನಾಯಕನಾದವನಲ್ಲಿ ಇರಬೇಕಾದ ಗುಣಗಳು ಯಾವುವು ಎಂಬ ಪ್ರಶ್ನೆ ನಮ್ಮ ಸಮಾಜದ ಸಭೆಗಳಲ್ಲಿ ಎದ್ದಾಗಲೆಲ್ಲ ಉಪನ್ಯಾಸಕರು ಸಾಮಾನ್ಯವಾಗಿ ಭಗವಾನ್ ಬಾಹುಬಲಿಯ ತ್ಯಾಗವನ್ನು ಉದಾಹರಿಸುತ್ತಾರೆ. ಗೆದ್ದೂ ಬಿಟ್ಟುಕೊಟ್ಟವನೇ ನಿಜವಾದ ನಾಯಕನೆಂಬುದು ಆ ಮಾತುಗಳ ಸಾರ. ಕೇಳುವುದಕ್ಕೆ ಹಿತವಾದ ಈ ಮಾತಿನಲ್ಲಿ ಒಂದು ತೊಡಕಿದೆ. ಬಾಹುಬಲಿ ಬಿಟ್ಟುಹೋದ ರಾಜ್ಯವನ್ನು ಆ ಮೇಲೆ ಆಳಿದವರು ಯಾರು? ಪ್ರಜೆಗಳ ಯೋಗಕ್ಷೇಮದ ಹೊಣೆ ಯಾರ ಹೆಗಲ ಮೇಲೆ ಉಳಿಯಿತು? ತ್ಯಾಗವು ಮೋಕ್ಷಮಾರ್ಗದ ಸೋಪಾನವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹೊಣೆಯನ್ನು ಬಿಟ್ಟವನ ಗುಣವನ್ನೇ ಹೊಣೆ ಹೊತ್ತವನಿಗೆ ಮಾದರಿಯೆಂದು ಹೇಳಿದರೆ, ಹೊತ್ತವನಿಗೆ ಬೇಕಾದ ಮಾರ್ಗದರ್ಶನ ದೊರೆಯದೆ ಹೋಗುತ್ತದೆ. ಈ ದೃಷ್ಟಿಯಿಂದ ಪಂಪನ ಆದಿಪುರಾಣವನ್ನು ಮತ್ತೊಮ್ಮೆ ಓದಿದರೆ, ನಾಯಕತ್ವದ ಪರೀಕ್ಷೆಗೆ ಅಲ್ಲಿ ಒಳಗಾಗಿರುವವನು ಬಾಹುಬಲಿಯಲ್ಲ, ಅವನ ಅಣ್ಣನಾದ ಭರತನೆಂಬುದು ಸ್ಪಷ್ಟವಾಗುತ್ತದೆ.

ಪಂಪನು 941ರಲ್ಲಿ ರಚಿಸಿದ ಈ ಚಂಪೂಕಾವ್ಯಕ್ಕೆ ಜಿನಸೇನಾಚಾರ್ಯರ ಸಂಸ್ಕೃತ ಮಹಾಪುರಾಣವೇ ಆಧಾರ. ಹದಿನಾರು ಆಶ್ವಾಸಗಳ ಕಾವ್ಯದಲ್ಲಿ ಪೂರ್ವಾರ್ಧವು ಆದಿತೀರ್ಥಂಕರರ ಭವಾವಳಿಗೂ ಪಂಚಕಲ್ಯಾಣಗಳಿಗೂ ಮೀಸಲಾದರೆ, ಉತ್ತರಾರ್ಧದಲ್ಲಿ ಭರತನ ಚರಿತೆ ಪ್ರಾಧಾನ್ಯವನ್ನು ಪಡೆಯುತ್ತದೆ. ವೇಮುಲವಾಡದ ಚಾಲುಕ್ಯ ಅರಿಕೇಸರಿಯ ಆಸ್ಥಾನದಲ್ಲಿ ಕವಿಯೂ ಕಲಿಯೂ ಆಗಿ ಬಾಳಿದ ಪಂಪನಿಗೆ ಅಧಿಕಾರವು ಮನುಷ್ಯನನ್ನು ಏನು ಮಾಡಬಲ್ಲುದೆಂಬುದು ಪುಸ್ತಕದಿಂದ ಮಾತ್ರ ತಿಳಿದ ಸಂಗತಿಯಾಗಿರಲಿಲ್ಲ. ಭರತನ ಪಾತ್ರದಲ್ಲಿ ಆ ಅರಿವು ಕೆಲಸ ಮಾಡಿದೆ.

ಭರತನ ಮೊದಲ ಪರೀಕ್ಷೆ ಸಂತೋಷದ ಸಂದರ್ಭದಲ್ಲೇ ಒದಗುತ್ತದೆ. ತಂದೆಗೆ ಕೇವಲಜ್ಞಾನ ಉಂಟಾದ ವಾರ್ತೆ, ಆಯುಧಾಗಾರದಲ್ಲಿ ಚಕ್ರರತ್ನ ಹುಟ್ಟಿದ ವಾರ್ತೆ, ಅಂತಃಪುರದಲ್ಲಿ ಪುತ್ರ ಜನಿಸಿದ ವಾರ್ತೆ, ಈ ಮೂರೂ ಒಮ್ಮೆಗೇ ಅವನನ್ನು ತಲುಪುತ್ತವೆ. ಮೂರೂ ಶುಭವೇ. ಯಾವುದನ್ನು ಮೊದಲು ಪೂಜಿಸಬೇಕೆಂಬುದೇ ಪ್ರಶ್ನೆ. ಅರ್ಥ ಕಾಮಗಳೆರಡೂ ಧರ್ಮದ ಫಲಗಳೆಂದು ನಿಶ್ಚಯಿಸಿ ಭರತನು ಮೊದಲಿಗೆ ಸಮವಸರಣಕ್ಕೆ ನಡೆಯುತ್ತಾನೆ. ಅಧಿಕಾರದಲ್ಲಿರುವವನಿಗೆ ಕೆಟ್ಟದ್ದನ್ನು ಬಿಡುವುದಕ್ಕಿಂತ ಹಲವು ಒಳ್ಳೆಯ ಕಾರ್ಯಗಳ ನಡುವೆ ಹಿಂದು ಮುಂದನ್ನು ಗೊತ್ತುಮಾಡುವುದು ಕಷ್ಟದ ಕೆಲಸ. ಆ ವಿವೇಕ ಭರತನಿಗಿತ್ತು. ಚಕ್ರವನ್ನು ಮೊದಲು ಪೂಜಿಸಿದ್ದರೂ ಲೋಕವು ಅವನನ್ನು ನಿಂದಿಸುತ್ತಿರಲಿಲ್ಲವೆಂಬುದನ್ನು ಗಮನಿಸಿದರೆ ಆ ನಿರ್ಣಯದ ಬೆಲೆ ತಿಳಿಯುತ್ತದೆ.

ಎರಡನೆಯ ಪರೀಕ್ಷೆ ವೃಷಭಾಚಲದಲ್ಲಿ. ಷಟ್ಖಂಡಗಳನ್ನು ಜಯಿಸಿದ ಭರತನು ತನ್ನ ವಿಜಯಪ್ರಶಸ್ತಿಯನ್ನು ಬರೆಯಿಸಲು ಆ ಪರ್ವತದ ಬಳಿಗೆ ಬರುತ್ತಾನೆ. ತನ್ನಂತಹ ವಿಜೇತ ಹಿಂದೆ ಇರಲಿಲ್ಲವೆಂದು ಭಾವಿಸಿ ಬಂದವನಿಗೆ ಅಲ್ಲಿ ಒಂದು ಹೆಸರಿಗಾಗುವಷ್ಟು ತೆರಪೂ ಕಾಣುವುದಿಲ್ಲ. ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ಬಂಡೆ ತುಂಬಿಹೋಗಿರುತ್ತದೆ. ಭರತನ ಗರ್ವ ಕರಗುತ್ತದೆ. ಈ ಪ್ರಸಂಗವನ್ನು ಗರ್ವಭಂಗದ ದೃಷ್ಟಾಂತವಾಗಿ ಪಾಠ ಹೇಳುವುದು ವಾಡಿಕೆ. ಆದರೆ ಮುಂದಿನ ಸಂಗತಿಯನ್ನು ಅನೇಕರು ಬಿಟ್ಟುಬಿಡುತ್ತಾರೆ. ಗರ್ವ ಕರಗಿದ ಭರತನು ಹಿಂದಿರುಗುವುದಿಲ್ಲ. ಹಿಂದಿನವನೊಬ್ಬನ ಹೆಸರನ್ನು ಅಳಿಸಿ ಅಲ್ಲಿ ತನ್ನ ಹೆಸರನ್ನು ಬರೆಯಿಸುತ್ತಾನೆ. ತನ್ನ ಹೆಸರೂ ಒಂದು ದಿನ ಹೀಗೆಯೇ ಅಳಿಯುವುದೆಂಬುದು ಕಣ್ಣೆದುರಿಗೆ ಇದ್ದರೂ ಕೈ ನಿಲ್ಲುವುದಿಲ್ಲ. ತಿಳಿವಳಿಕೆ ಬೇರೆ, ಮಾನಕಷಾಯದ ಉಪಶಮ ಬೇರೆ ಎಂಬ ಆಗಮದ ಸೂಕ್ಷ್ಮವನ್ನು ಕವಿ ಯಾವ ವ್ಯಾಖ್ಯಾನವೂ ಇಲ್ಲದೆ ಈ ಒಂದು ಕ್ರಿಯೆಯಲ್ಲಿ ತೋರಿಸಿದ್ದಾನೆ. ಮುಂದಿನ ದುರಂತಕ್ಕೆ ಬೀಜವೂ ಇಲ್ಲಿಯೇ ಇದೆ.

ಚಕ್ರರತ್ನವು ಅಯೋಧ್ಯೆಯ ಹೊರಬಾಗಿಲಲ್ಲಿ ನಿಂತುಬಿಡುತ್ತದೆ. ಸಹೋದರರು ಅಧೀನರಾಗಿಲ್ಲವೆಂಬುದೇ ಕಾರಣವೆಂದು ತಿಳಿಯುತ್ತದೆ. ಉಳಿದವರು ತಂದೆಯ ಬಳಿ ದೀಕ್ಷೆ ಹಿಡಿಯುತ್ತಾರೆ. ಪೌದನಪುರದ ಬಾಹುಬಲಿ ಮಾತ್ರ ಎದುರು ನಿಲ್ಲುತ್ತಾನೆ. ಎರಡು ಸೈನ್ಯಗಳೂ ಸಜ್ಜಾದಾಗ ಮಂತ್ರಿಗಳು ನಡುವೆ ಬಂದು, ಅಣ್ಣ ತಮ್ಮಂದಿರ ಹಟಕ್ಕಾಗಿ ಸಾವಿರಾರು ಜನ ಸಾಯಬೇಕಾಗಿಲ್ಲವೆಂದು ಹೇಳಿ, ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಂದ ಜಯಾಪಜಯಗಳನ್ನು ನಿರ್ಣಯಿಸಿಕೊಳ್ಳುವಂತೆ ಸೂಚಿಸುತ್ತಾರೆ. ಇಬ್ಬರೂ ಒಪ್ಪುತ್ತಾರೆ. ನಾಯಕಗುಣದ ಚರ್ಚೆಯಲ್ಲಿ ಈ ಮಂತ್ರಿಗಳಿಗೆ ದೊರೆಯಬೇಕಾದ ಸ್ಥಾನ ದೊರೆತಿಲ್ಲ. ಕೋಪಗೊಂಡ ಚಕ್ರವರ್ತಿಯ ಎದುರು ನಿಂತು ಹಿತವನ್ನು ನುಡಿಯಬಲ್ಲವರು ಅವನ ಬಳಿ ಇದ್ದರು, ಆ ಮಾತನ್ನು ಅವನು ಕೇಳಿದನು ಎಂಬ ಎರಡು ಸಂಗತಿಗಳೂ ಭರತನ ಪರವಾಗಿ ಸಾಕ್ಷ್ಯ ನುಡಿಯುತ್ತವೆ. ಹಿತವಚನ ಹೇಳುವವರನ್ನು ಮೊದಲೇ ದೂರ ಮಾಡಿಕೊಂಡವನಿಗೆ ಅಂತಹ ಸಮಯದಲ್ಲಿ ತಡೆಯುವವರು ಇರುವುದಿಲ್ಲ.

ಮೂರು ಯುದ್ಧಗಳಲ್ಲಿಯೂ ಬಾಹುಬಲಿ ಗೆಲ್ಲುತ್ತಾನೆ. ಭರತನ ದೇಹದ ಎತ್ತರ ಐನೂರು ಬಿಲ್ಲು, ಬಾಹುಬಲಿಯದು ಐನೂರ ಇಪ್ಪತ್ತೈದು ಬಿಲ್ಲು ಎಂದು ಪುರಾಣ ಪರಂಪರೆ ಹೇಳುತ್ತದೆ. ದೃಷ್ಟಿ, ಜಲ ಯುದ್ಧಗಳಲ್ಲಿ ಈ ಎತ್ತರ ತಮ್ಮನಿಗೆ ಅನುಕೂಲವಾಗಿತ್ತು. ಜನ್ಮದಿಂದ ಬಂದ ದೇಹಬಲವನ್ನು ನಾಯಕಗುಣವೆಂದು ಎಣಿಸಬಾರದೆಂಬುದಕ್ಕೆ ಈ ಲೆಕ್ಕವೇ ಸಾಕು. ಬಾಹುಬಲಿಯ ಹಿರಿಮೆ ಮಲ್ಲಯುದ್ಧದ ಕೊನೆಯಲ್ಲಿ ಕಾಣುತ್ತದೆ. ಎತ್ತಿ ಹಿಡಿದ ಅಣ್ಣನನ್ನು ಅವನು ನೆಲಕ್ಕೆ ಅಪ್ಪಳಿಸದೆ ಗೌರವದಿಂದ ಇಳಿಸುತ್ತಾನೆ.

ಭರತನು ಎಡವುವುದು ಇಲ್ಲಿ. ತಾನೇ ಒಪ್ಪಿದ ನಿಯಮದಂತೆ ಸೋತವನು, ಆ ಸೋಲನ್ನು ತಾಳಲಾರದೆ ತಮ್ಮನ ಮೇಲೆ ಚಕ್ರರತ್ನವನ್ನು ಪ್ರಯೋಗಿಸುತ್ತಾನೆ. ಚಕ್ರವು ಬಾಹುಬಲಿಯನ್ನು ಬಲವಂದು ನಿಲ್ಲುತ್ತದೆ. ಜಗತ್ತನ್ನೆಲ್ಲ ಗೆದ್ದವನು ತನ್ನ ಮಾತಿಗೆ ತಪ್ಪಿದ ಕ್ಷಣವಿದು. ಗೆಲ್ಲುವವರೆಗೆ ನಿಯಮವನ್ನು ಮನ್ನಿಸಿ, ಸೋತೊಡನೆ ಅದನ್ನು ಮೀರುವುದು ಅಧಿಕಾರಸ್ಥರಲ್ಲಿ ಎಲ್ಲ ಕಾಲಕ್ಕೂ ಕಾಣುವ ದೋಷ. ಪಂಪನು ಈ ದೋಷವನ್ನು ಮರೆಮಾಚಿಲ್ಲ. ತಲೆತಗ್ಗಿಸಿ ನಿಂತ ಚಕ್ರವರ್ತಿಯನ್ನು ನಮ್ಮೆದುರಿಗೆ ನಿಲ್ಲಿಸಿದ್ದಾನೆ.

ಅಣ್ಣನ ಆ ಸ್ಥಿತಿಯನ್ನು ಕಂಡು ಬಾಹುಬಲಿ ರಾಜ್ಯಲಕ್ಷ್ಮಿಯ ಸ್ವರೂಪವನ್ನು ಅರಿತು, ಒಡಹುಟ್ಟಿದವರನ್ನು ಕಾದಾಡಿಸುವ ಈ ಸಂಪತ್ತು ನಿನಗೇ ಇರಲೆಂದು ಹೇಳಿ ತಪಸ್ಸಿಗೆ ತೆರಳುತ್ತಾನೆ. ಒಂದು ವರ್ಷದ ಪ್ರತಿಮಾಯೋಗದ ನಂತರವೂ ಕೇವಲಜ್ಞಾನ ದೊರೆಯದಿರುವುದಕ್ಕೆ ಕಾರಣವನ್ನು ಪರಂಪರೆಗಳು ಭಿನ್ನವಾಗಿ ಹೇಳುತ್ತವೆ. ಕನ್ನಡ ನಾಡಿನಲ್ಲಿ ಪ್ರಚಲಿತವಾದ ಕಥೆಯಂತೆ, ತಾನು ನಿಂತಿರುವುದು ಭರತನ ನೆಲವೆಂಬ ಶಲ್ಯ ಅವನಲ್ಲಿ ಉಳಿದಿತ್ತು. ಜಿನಸೇನರ ಪ್ರಕಾರ, ತನ್ನಿಂದ ಅಣ್ಣನಿಗೆ ನೋವಾಯಿತೆಂಬ ಸ್ನೇಹಮಿಶ್ರಿತವಾದ ಭಾವ ಉಳಿದಿತ್ತು. ಶ್ವೇತಾಂಬರ ಪರಂಪರೆಯ ಹೇಮಚಂದ್ರಾಚಾರ್ಯರ ಕೃತಿಯಲ್ಲಿ ಸೋದರಿಯರಾದ ಬ್ರಾಹ್ಮೀ ಸುಂದರಿಯರು ಬಂದು, ಆನೆಯ ಮೇಲಿಂದ ಇಳಿಯೆಂದು ಮಾನಕಷಾಯವನ್ನು ಸೂಚಿಸಿ ಎಚ್ಚರಿಸುತ್ತಾರೆ. ನಮ್ಮ ಪರಂಪರೆಯ ಕಥನಗಳಲ್ಲಿ ಆ ತೊಡಕನ್ನು ಬಿಡಿಸುವವನು ಭರತನೇ. ಸೋತವನು, ಅಪರಾಧ ಮಾಡಿದವನು, ಗೆದ್ದು ಬಿಟ್ಟವನ ಪಾದದ ಬಳಿಗೆ ತಾನಾಗಿ ನಡೆದು ಪೂಜಿಸುತ್ತಾನೆ. ಆಗ ಬಾಹುಬಲಿಗೆ ಕೇವಲಜ್ಞಾನ ಉದಯಿಸುತ್ತದೆ. ಭರತನಲ್ಲಿ ಉತ್ತಮ ಮಾರ್ದವವು ಆಚರಣೆಗೆ ಇಳಿದುದು ಇಲ್ಲಿ. ವೃಷಭಾಚಲದಲ್ಲಿ ತಿಳಿದೂ ಮಾಡಲಾರದುದನ್ನು ಅವನು ಇಲ್ಲಿ ಮಾಡಿದನು.

ಈ ಪಶ್ಚಾತ್ತಾಪ ಒಂದು ದಿನದ ಭಾವಾವೇಶವಾಗಿರಲಿಲ್ಲವೆಂಬುದಕ್ಕೆ ಮಹಾಪುರಾಣದಲ್ಲಿ ಸಾಕ್ಷ್ಯವಿದೆ. ಜಿನಸೇನರ ಶಿಷ್ಯರಾದ ಗುಣಭದ್ರಾಚಾರ್ಯರು ಮುಂದುವರಿಸಿದ ಭಾಗದಲ್ಲಿ ಸುಲೋಚನೆಯ ಸ್ವಯಂವರದ ಕಥೆ ಬರುತ್ತದೆ. ಅವಳು ಜಯಕುಮಾರನನ್ನು ವರಿಸಿದಾಗ ಭರತನ ಮಗನಾದ ಅರ್ಕಕೀರ್ತಿ ಅಸೂಯೆಯಿಂದ ಯುದ್ಧ ಹೂಡಿ ಸೆರೆಸಿಕ್ಕುತ್ತಾನೆ. ಕನ್ಯೆಯ ತಂದೆ ಅಕಂಪನನು ಅಂಜುತ್ತ ಚಕ್ರವರ್ತಿಗೆ ದೂತನನ್ನು ಕಳುಹಿಸುತ್ತಾನೆ. ಭರತನು ತನ್ನ ಮಗನದೇ ತಪ್ಪೆಂದು ಹೇಳಿ ಜಯಕುಮಾರನ ನಡತೆಯನ್ನು ಮೆಚ್ಚುತ್ತಾನೆ. ತನ್ನ ಸೋಲಿನಲ್ಲಿ ನಿಯಮವನ್ನು ಮೀರಿದವನು ಮಗನ ಸೋಲಿನಲ್ಲಿ ನಿಯಮದ ಪರವಾಗಿ ನಿಲ್ಲುತ್ತಾನೆ. ಈ ಎರಡು ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ಓದಿದಾಗ ಭರತನ ಬೆಳವಣಿಗೆ ಅರ್ಥವಾಗುತ್ತದೆ.

ಇಲ್ಲಿ ರತ್ನಾಕರವರ್ಣಿಯನ್ನು ಸ್ಮರಿಸದಿರಲಾಗದು. ಮೂಡಬಿದಿರೆಯ ಈ ಮಹಾಕವಿ 16ನೆಯ ಶತಮಾನದಲ್ಲಿ ಸಾಂಗತ್ಯದಲ್ಲಿ ರಚಿಸಿದ ಭರತೇಶ ವೈಭವಕ್ಕೆ ಭರತನೇ ನಾಯಕ. ಭೋಗದ ನಡುವೆಯೂ ಯೋಗಿಯಾಗಿ ಉಳಿದ ಆ ಭರತನು ತಮ್ಮನೊಡನೆ ಯುದ್ಧಕ್ಕೇ ಇಳಿಯುವುದಿಲ್ಲ. ಮೃದುವಚನದಿಂದಲೇ ಅವನ ಮನಸ್ಸನ್ನು ಕರಗಿಸುತ್ತಾನೆ. ಮಾತಿನಿಂದ ಕಲಹವನ್ನು ತಪ್ಪಿಸುವ ಶಕ್ತಿ ನಾಯಕನಿಗೆ ಭೂಷಣವೇ. ಅಹಿಂಸಾಧರ್ಮಕ್ಕೆ ಈ ಮಾರ್ಪಾಟು ಹೆಚ್ಚು ಒಪ್ಪುತ್ತದೆಂದು ವಾದಿಸುವವರೂ ಉಂಟು. ಆದರೂ ಇಲ್ಲಿ ಒಂದು ನಷ್ಟವಿದೆ. ತಪ್ಪೇ ಮಾಡದ ಭರತನಿಗೆ ತಿದ್ದಿಕೊಳ್ಳುವ ಅವಕಾಶವೂ ಇಲ್ಲ. ರತ್ನಾಕರನ ಭರತನನ್ನು ನಾವು ಮೆಚ್ಚಬಹುದು. ಎಡವಿದಾಗ ಏನು ಮಾಡಬೇಕೆಂದು ಕೇಳಬೇಕಾದರೆ ಪಂಪನ ಭರತನ ಬಳಿಗೇ ಹೋಗಬೇಕು.

ಶ್ರವಣಬೆಳಗೊಳದಲ್ಲಿ ಚಾವುಂಡರಾಯನು ಮಾಡಿಸಿದ 58 ಅಡಿಯ ಗೊಮ್ಮಟಮೂರ್ತಿಯನ್ನು ಕಂಡು ಕೈಮುಗಿಯದವರಿಲ್ಲ. ಎದುರಿನ ಚಿಕ್ಕಬೆಟ್ಟದಲ್ಲಿ ಭರತೇಶ್ವರನದೆಂದು ಹೇಳಲಾಗುವ, ಮೊಣಕಾಲಿನವರೆಗೆ ಮಾತ್ರ ರೂಪುಗೊಂಡ ಮೂರ್ತಿಯ ಮುಂದೆ ನಿಲ್ಲುವವರು ಕಡಿಮೆ. ಆರಾಧನೆಯಲ್ಲಿ ಈ ತಾರತಮ್ಯ ಸಹಜ. ಗೊಮ್ಮಟನು ನಮಗೆ ಪರಮಪದದ ಗುರುತು. ಆದರೆ ಬಸದಿಯ ಜೀರ್ಣೋದ್ಧಾರ, ವಿದ್ಯಾರ್ಥಿನಿಲಯ, ಟ್ರಸ್ಟು, ಸಂಘ ಇವುಗಳ ಹೊಣೆ ಹೊತ್ತ ಶ್ರಾವಕರು ಗೃಹಸ್ಥರು. ಅವರಿಗೆ ಕಾಡಿಗೆ ಹೋಗುವ ದಾರಿ ಸದ್ಯಕ್ಕೆ ತೆರೆದಿಲ್ಲ. ಭಿನ್ನಾಭಿಪ್ರಾಯ ಬಂದಾಗ ರಾಜೀನಾಮೆ ಕೊಟ್ಟು ಹೊರನಡೆದು ಅದನ್ನೇ ತ್ಯಾಗವೆಂದು ಕರೆದುಕೊಳ್ಳುವುದೂ, ಚುನಾವಣೆಯಲ್ಲಿ ಸೋತಮೇಲೆ ನ್ಯಾಯಾಲಯದ ಮೆಟ್ಟಿಲೇರಿ ಸಂಸ್ಥೆಯನ್ನೇ ಕುಂಠಿತಗೊಳಿಸುವುದೂ ನಮ್ಮಲ್ಲಿ ಅಪರೂಪವಲ್ಲ. ಮೊದಲನೆಯದು ಬಾಹುಬಲಿಯ ಹೆಸರಿನಲ್ಲಿ ನಡೆಯುವ ಅನುಕರಣೆ. ಎರಡನೆಯದು ಭರತನ ಚಕ್ರಪ್ರಯೋಗದ ಪುನರಾವೃತ್ತಿ. ವೈರಾಗ್ಯವಿಲ್ಲದ ನಿರ್ಗಮನ ತ್ಯಾಗವಾಗದು, ನಿಯಮವನ್ನು ಮೀರಿ ಪಡೆದ ಪೀಠ ಅಧಿಕಾರವಾಗದು.

ಆದುದರಿಂದ ನಮ್ಮ ಪಾಠಶಾಲೆಗಳಲ್ಲಿಯೂ ಪರ್ವದಿನಗಳ ಪ್ರವಚನಗಳಲ್ಲಿಯೂ ಈ ಕಥೆಯನ್ನು ಬಾಹುಬಲಿಯ ನಿರ್ಗಮನದೊಂದಿಗೆ ಮುಗಿಸದೆ, ಭರತನು ತಮ್ಮನ ಬಳಿಗೆ ನಡೆದುಬಂದ ಪ್ರಸಂಗದವರೆಗೂ, ಸಾಧ್ಯವಾದರೆ ಅರ್ಕಕೀರ್ತಿಯ ಪ್ರಸಂಗದವರೆಗೂ ಹೇಳುವುದು ಉಚಿತ. ಕಾರ್ಯಗಳ ಹಿಂದು ಮುಂದನ್ನು ಅರಿಯುವ ವಿವೇಕ, ಹಿತವಚನಕ್ಕೆ ಕಿವಿಗೊಡುವ ತಾಳ್ಮೆ, ನೋಯಿಸಿದವರ ಬಳಿಗೆ ತಾನೇ ಹೋಗುವ ಮಾರ್ದವ, ತನ್ನವರ ವಿಷಯದಲ್ಲಿಯೂ ಬಾಗದ ನ್ಯಾಯಬುದ್ಧಿ, ಈ ನಾಲ್ಕೂ ಭರತನಲ್ಲಿ ಒಮ್ಮೆಗೇ ಹುಟ್ಟಿ ಬಂದವಲ್ಲ. ಕೊನೆಯ ಎರಡನ್ನು ಅವನು ಸೋತ ಮೇಲೆ ಕಲಿತನು. ನಮ್ಮ ಸಂಘಸಂಸ್ಥೆಗಳ ಹೊಣೆ ಹೊರುವ ತರುಣರಿಗೆ ಈ ಭಾಗವನ್ನು ಹೇಳದೆ ಉಳಿಸಿದರೆ, ಪೂಜಿಸುವುದಕ್ಕೆ ಒಂದು ಆದರ್ಶವನ್ನು ಕೊಟ್ಟಂತಾಗುತ್ತದೆಯೇ ಹೊರತು ನಡೆಯುವುದಕ್ಕೆ ದಾರಿಯನ್ನು ತೋರಿದಂತಾಗುವುದಿಲ್ಲ.