ಕೋಟೆ ಬರಿದಾಗಿರಲಿಲ್ಲ

ಹುಟ್ಟುಕುರುಡನೊಬ್ಬನನ್ನು ಕಂಡ ಶಿಷ್ಯರು, ಇವನು ಹೀಗೆ ಹುಟ್ಟಲು ಪಾಪ ಮಾಡಿದವರು ಯಾರು, ಇವನೋ ಇವನ ಹೆತ್ತವರೋ ಎಂದು ಯೇಸುಸ್ವಾಮಿಯನ್ನು ಕೇಳಿದ ಪ್ರಸಂಗ ಸಂತ ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿದೆ. ಸ್ವಾಮಿ ಇಬ್ಬರನ್ನೂ ಆ ಆಪಾದನೆಯಿಂದ ಬಿಡಿಸಿದರು. ಆದರೂ ಆ ಪ್ರಶ್ನೆ ಅಲ್ಲಿಗೆ ಅಡಗಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ವಿಜ್ಞಾನದ ಉಡುಪು ತೊಟ್ಟು ಮರಳಿ ಬಂತು. ಅದರ ಅತ್ಯಂತ ಪ್ರಭಾವಶಾಲಿ ರೂಪವನ್ನು ಬ್ರೂನೋ ಬೆಟಲ್‌ಹೈಮ್ ಅವರು 1967ರಲ್ಲಿ ಪ್ರಕಟಿಸಿದ ‘ದಿ ಎಂಪ್ಟಿ ಫೋರ್ಟ್ರೆಸ್’ ಎಂಬ ಗ್ರಂಥದಲ್ಲಿ ಕಾಣಬಹುದು. ‘ಬರಿದಾದ ಕೋಟೆ’ ಎಂಬುದು ಆ ಹೆಸರಿನ ಅರ್ಥ. ಕೋಟೆಯೆಂದರೆ ಆಟಿಸಂ ಇರುವ ಮಗು.

ಕನ್ನಡದಲ್ಲಿ ಸ್ವಲೀನತೆ ಎಂದು ಕರೆಯಲಾಗುವ ಈ ಸ್ಥಿತಿಯನ್ನು ಅಮೆರಿಕದ ಬಾಲ್ಟಿಮೋರಿನ ವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳನ್ನು ಕುರಿತ ಲೇಖನದಲ್ಲಿ ವಿವರಿಸಿದರು. ಇದು ಹುಟ್ಟಿನಿಂದಲೇ ಬಂದದ್ದು ಎಂಬ ಊಹೆಯೊಂದಿಗೆ ಲೇಖನ ಮುಗಿದರೂ, ಆ ಮಕ್ಕಳ ಹೆತ್ತವರಲ್ಲಿ ಅಕ್ಕರೆಯುಳ್ಳವರು ವಿರಳವೆಂಬ ಮಾತೂ ಅದರಲ್ಲಿ ಸೇರಿತ್ತು. ಷಿಕಾಗೋ ವಿಶ್ವವಿದ್ಯಾಲಯದ ವಸತಿಶಾಲೆಯೊಂದರ ಮುಖ್ಯಸ್ಥರಾಗಿದ್ದ ಬೆಟಲ್‌ಹೈಮ್ ಈ ಎರಡನೆಯ ಮಾತನ್ನು ಹಿಡಿದು ಮುಂದೆ ಸಾಗಿದವರು. ತಾನು ಬದುಕಬಾರದೆಂಬ ಹೆತ್ತವರ ಗುಪ್ತ ಬಯಕೆಯನ್ನು ಅರಿತ ಶಿಶು ತನ್ನೊಳಗೇ ಅಡಗಿಕೊಳ್ಳುತ್ತದೆ ಎಂಬುದು ಅವರ ವಾದದ ತಿರುಳು.

ಗ್ರಂಥದ ಗುಣವನ್ನು ಮೊದಲು ಒಪ್ಪಿಕೊಳ್ಳೋಣ. ಮೂವರು ಮಕ್ಕಳ ದೀರ್ಘ ವೃತ್ತಾಂತಗಳು ಇದರಲ್ಲಿವೆ. ತಾನು ಯಂತ್ರಗಳಿಂದ ನಡೆಯುವವನೆಂದು ನಂಬಿ, ಊಟಕ್ಕೆ ಕೂರುವ ಮುನ್ನ ಇಲ್ಲದ ವಿದ್ಯುತ್ ತಂತಿಯನ್ನು ಮೇಜಿನವರೆಗೆ ಎಳೆಯುತ್ತಿದ್ದ ಬಾಲಕನ ಚಿತ್ರವನ್ನು ಓದಿದವರು ಮರೆಯಲಾರರು. ಇತರರು ನಿರರ್ಥಕವೆಂದು ತಳ್ಳಿದ ವರ್ತನೆಯಲ್ಲಿ ಅರ್ಥವನ್ನು ಅರಸಿದ್ದು ಸಣ್ಣ ಸಾಧನೆಯಲ್ಲ. ಸ್ವತಃ ಲೇಖಕರು 1938-39ರಲ್ಲಿ ದಖಾವ್ ಮತ್ತು ಬುಕೆನ್‌ವಾಲ್ಡ್ ನಾಜಿ ಶಿಬಿರಗಳಲ್ಲಿ ನರಳಿದವರು. ಅಲ್ಲಿ ಬದುಕುವ ಆಸೆಯನ್ನೇ ತೊರೆದ ಬಂದಿಗಳನ್ನು ಕಂಡಿದ್ದ ಅವರಿಗೆ ಈ ಮಕ್ಕಳ ಮೌನದಲ್ಲೂ ಅದೇ ಕಂಡಿತು.

ದೋಷವಿರುವುದು ಇಲ್ಲಿಯೇ. ಮೌನವಿರುವಲ್ಲಿ ಶಿಬಿರವಿದೆ, ಶಿಬಿರವಿರುವಲ್ಲಿ ಕಾವಲುಗಾರನಿದ್ದಾನೆ. ಹಾಗಾದರೆ ಮನೆಯಲ್ಲಿ ಕಾವಲುಗಾರರು ಯಾರು? ಹೋಲಿಕೆಯೊಂದು ಹೀಗೆ ಸಾಕ್ಷ್ಯದ ಸ್ಥಾನವನ್ನು ಆಕ್ರಮಿಸಿತು. ಆಟಿಸಂ ಇಲ್ಲದ ಮಕ್ಕಳ ಮನೆಗಳೊಡನೆ ಈ ಮನೆಗಳನ್ನು ಹೋಲಿಸಿ ನೋಡುವ ಕೆಲಸ ಗ್ರಂಥದಲ್ಲಿ ನಡೆಯಲಿಲ್ಲ. ಮಗುವಿನ ವರ್ತನೆಯಿಂದ ದಣಿದ ತಾಯಿಯ ಬಳಲಿಕೆಯನ್ನೇ ಆ ವರ್ತನೆಯ ಕಾರಣವೆಂದು ಬಗೆಯಲಾಯಿತು. ಒಂದು ತಲೆಮಾರಿನ ತಾಯಂದಿರು ಮಗುವಿನ ಭಾರದ ಜೊತೆಗೆ ಈ ತೀರ್ಪಿನ ಭಾರವನ್ನೂ ಹೊತ್ತರು.

ಈ ವಾದಕ್ಕೆ ಉತ್ತರ ಗ್ರಂಥಕ್ಕಿಂತ ಮೊದಲೇ ಹೊರಟಿತ್ತು. ಆಟಿಸಂ ಇದ್ದ ಮಗನ ತಂದೆಯೂ ಮನಶ್ಶಾಸ್ತ್ರಜ್ಞರೂ ಆಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲೇ ಕಾರಣ ದೇಹದಲ್ಲಿದೆಯೆಂದು ವಾದಿಸಿದ್ದರು. ಕ್ಯಾನರ್ 1969ರಲ್ಲಿ ಹೆತ್ತವರ ಸಭೆಯೊಂದರಲ್ಲಿ ಅವರನ್ನು ಬಹಿರಂಗವಾಗಿ ದೋಷಮುಕ್ತಗೊಳಿಸಿದರು. ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕಲ್ ರಟರ್ 1977ರಲ್ಲಿ ಇಪ್ಪತ್ತೊಂದು ಅವಳಿ ಜೋಡಿಗಳ ಅಧ್ಯಯನವನ್ನು ಪ್ರಕಟಿಸಿದರು. ಒಂದೇ ಅಂಡದಿಂದ ಹುಟ್ಟಿದ ಹನ್ನೊಂದು ಜೋಡಿಗಳ ಪೈಕಿ ನಾಲ್ಕರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ಬೇರೆ ಬೇರೆ ಅಂಡಗಳಿಂದ ಹುಟ್ಟಿದ ಹತ್ತು ಜೋಡಿಗಳಲ್ಲಿ ಒಂದರಲ್ಲೂ ಹಾಗಿರಲಿಲ್ಲ. ಎಲ್ಲ ಜೋಡಿಗಳಲ್ಲೂ ಅವಳಿಗಳಿಬ್ಬರಿಗೆ ತಾಯಿ ಒಬ್ಬಳೇ ಎಂಬುದನ್ನು ಗಮನಿಸಬೇಕು.

ಆದರೂ ಹೆತ್ತವರ ಮನಸ್ಸನ್ನು ಕೊರೆಯುವ ಪ್ರಶ್ನೆ ಬೇರೆ: ನನ್ನ ಮಗುವಿಗೆ ನನ್ನ ಮೇಲೆ ಪ್ರೀತಿಯಿದೆಯೇ? ಅಮೆರಿಕದ ಸಂಶೋಧಕಿಯರಾದ ಮೇರಿಯನ್ ಸಿಗ್‌ಮನ್ ಮತ್ತು ಜೂಡಿ ಉಂಗರರ್ 1984ರಲ್ಲಿ ಇದನ್ನು ಸರಳವಾಗಿ ಪರೀಕ್ಷಿಸಿದರು. ತಾಯಿ ಮಗುವನ್ನು ಬಿಟ್ಟು ಕೊಠಡಿಯಿಂದ ಹೊರಹೋಗುತ್ತಾಳೆ, ಮತ್ತೆ ಬರುತ್ತಾಳೆ. ಅಪರಿಚಿತರೊಬ್ಬರೂ ಬಂದು ಹೋಗುತ್ತಾರೆ. ಮಕ್ಕಳು ಮರಳಿ ಬಂದ ತಾಯಿಯತ್ತ ಅಪರಿಚಿತರಿಗಿಂತ ಹೆಚ್ಚಾಗಿ ಒಲಿದರು. ಇಂಥ ಅಧ್ಯಯನಗಳನ್ನು ಒಟ್ಟುಗೂಡಿಸಿದ 2004ರ ವಿಶ್ಲೇಷಣೆಯೊಂದು, ಆಟಿಸಂ ಇರುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ತಾಯಿಯೊಡನೆ ಭದ್ರವಾದ ಬಾಂಧವ್ಯ ಹೊಂದಿದ್ದರೆಂದು ಕಂಡಿತು. ಕೋಟೆ ಬರಿದಾಗಿರಲಿಲ್ಲ.

ಕೊರತೆ ಎಲ್ಲಿದೆ ಎಂಬುದೂ ಕ್ರಮೇಣ ಸ್ಪಷ್ಟವಾಯಿತು. ಬಿಸ್ಕತ್ತು ಬೇಕಾದಾಗ ಕೈಚಾಚಿ ಕೇಳಬಲ್ಲ ಮಗು, ಆಕಾಶದಲ್ಲಿ ಹಾರುವ ವಿಮಾನವನ್ನು ತಾಯಿಗೂ ತೋರಿಸಲೆಂದು ಬೆರಳು ಮಾಡುವುದು ಅಪರೂಪ. ಪ್ರೀತಿ ಇದೆ, ಕಂಡದ್ದನ್ನು ಹಂಚಿಕೊಳ್ಳುವ ಈ ಸಣ್ಣ ಸನ್ನೆ ತಡವಾಗುತ್ತದೆ. ಇದನ್ನರಿತ ಸಂಶೋಧನೆ, ಮಗುವನ್ನು ಹೆತ್ತವರಿಂದ ಬಿಡಿಸುವುದರ ಬದಲು ಹೆತ್ತವರ ಕೈಯಲ್ಲೇ ಚಿಕಿತ್ಸೆಯನ್ನಿಟ್ಟಿತು. ನಮ್ಮ ನೆರೆಯ ಗೋವಾದಲ್ಲಿಯೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿಯೂ 65 ಮಕ್ಕಳೊಡನೆ ನಡೆದ ಪ್ರಯೋಗವೊಂದರ ಫಲ 2016ರಲ್ಲಿ ಪ್ರಕಟವಾಯಿತು. ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರು ಹೆತ್ತವರಿಗೆ ಮಾರ್ಗದರ್ಶನ ನೀಡಿದರು. ಹೆತ್ತವರು ಮಗುವಿನ ಗಮನವನ್ನು ಅನುಸರಿಸಿ ಸ್ಪಂದಿಸಲು ಕಲಿತರು. ಮಕ್ಕಳು ತಾವಾಗಿಯೇ ಸಂವಹನಕ್ಕೆ ತೊಡಗುವುದು ಹೆಚ್ಚಿತು. ಎಲ್ಲ ಅಳತೆಗಳಲ್ಲೂ ಪ್ರಗತಿ ಕಾಣಲಿಲ್ಲವೆಂಬುದನ್ನೂ ಸಂಶೋಧಕರು ಮುಚ್ಚಿಡಲಿಲ್ಲ. ಬೆಟಲ್‌ಹೈಮರ ಗ್ರಂಥದಲ್ಲಿ ಇಲ್ಲದ ವಿನಯವಿದು.

ಹೊಸ ಸಂಶೋಧನೆಯೂ ವಿಮರ್ಶೆಗೆ ಹೊರತಲ್ಲ. ಮಗುವಿನಲ್ಲಿ ಏನಿಲ್ಲವೆಂದು ಎಣಿಸುವುದರಲ್ಲೇ ಅದು ಬಹುಕಾಲ ಕಳೆಯಿತು. ಸ್ವತಃ ಆಟಿಸಂ ಇರುವ ಬ್ರಿಟನ್ನಿನ ವಿದ್ವಾಂಸ ಡೇಮಿಯನ್ ಮಿಲ್ಟನ್ 2012ರಲ್ಲಿ ತಿಳಿಸಿದಂತೆ, ಅರ್ಥವಾಗದಿರುವುದು ಎರಡೂ ಕಡೆಯ ಕಷ್ಟ. ಮಗು ನಮ್ಮನ್ನು ಓದಲಾರದೆಂದು ಬರೆದುಕೊಂಡ ನಾವು, ಮಗುವನ್ನು ಓದಲಾರದ ನಮ್ಮ ಅಸಾಮರ್ಥ್ಯವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಹುಟ್ಟುಕುರುಡನ ಕಥೆಯಲ್ಲಿ ನಾವು ಅವಸರದಿಂದ ದಾಟಿಹೋಗುವ ಭಾಗವೊಂದಿದೆ. ಅವನ ತಂದೆತಾಯಿಯನ್ನು ಕರೆಸಿ ವಿಚಾರಣೆ ಮಾಡಲಾಗುತ್ತದೆ. ಪ್ರಾರ್ಥನಾಮಂದಿರದಿಂದ ಬಹಿಷ್ಕಾರಕ್ಕೆ ಗುರಿಯಾದೇವೆಂಬ ಭಯದಲ್ಲಿ ಅವರು ಅಳೆದು ತೂಗಿ ಉತ್ತರಿಸುತ್ತಾರೆ. ಬಲಿಪೂಜೆಯ ನಡುವೆ ಗಂಟೆಯ ಸದ್ದಿಗೆ ಕಿವಿ ಮುಚ್ಚಿಕೊಂಡು ಕೂಗುವ ಮಗುವನ್ನು ಎತ್ತಿಕೊಂಡು, ಬಾಗಿಲ ಪಕ್ಕದ ಕೊನೆಯ ಬೆಂಚಿನಿಂದ ಹೊರಹೋಗುವ ತಾಯಿಯ ಮುಖದಲ್ಲಿರುವುದೂ ಅದೇ ಭಯ. ಅವಳತ್ತ ಹೊರಳುವ ನಮ್ಮ ಕಣ್ಣುಗಳು ಯಾವ ಪ್ರಶ್ನೆ ಕೇಳುತ್ತಿವೆಯೆಂದು ಅವಳಿಗೆ ಗೊತ್ತು. ವಿಜ್ಞಾನ ಆ ಪ್ರಶ್ನೆಯನ್ನು ಕೈಬಿಟ್ಟು ದಶಕಗಳಾದವು. ಸ್ವಾಮಿ ಅದನ್ನು ಕೇಳಿದ ಕೂಡಲೇ ತಳ್ಳಿಹಾಕಿದ್ದರು. ಮುಂದಿನ ಭಾನುವಾರ ಅವಳು ಒಳಗೆ ಬರುವಾಗ ನಮ್ಮ ಬೆಂಚಿನಲ್ಲಿ ಸ್ವಲ್ಪ ಸರಿದು ಕುಳಿತರೆ, ನಾವೂ ಅದನ್ನು ಕೈಬಿಟ್ಟಿದ್ದೇವೆಂದು ಅವಳಿಗೆ ತಿಳಿದೀತು.