ಕೊಸರಿನ ಲೆಕ್ಕ

ಬರುವ ದೀಪಾವಳಿಗೆ ನಮ್ಮ ಅತ್ತೆಯವರು ಉಡುವ ಸೀರೆ ಜುಲೈ ತಿಂಗಳಿಂದಲೇ ಬೀರುವಿನಲ್ಲಿದೆ. ಆಷಾಢದ ಒಂದು ಮಂಗಳವಾರ, ಮಳೆ ಜಿನುಗುತ್ತಿದ್ದ ಮಧ್ಯಾಹ್ನ, ಚಿಕ್ಕಪೇಟೆಯ ಅಂಗಡಿಯೊಂದರ ಬಿಳಿ ಹಾಸಿನ ಮೇಲೆ ಕೂತು ಆರಿಸಿದ್ದು. ಅಂಗಡಿಯಲ್ಲಿ ಗಿರಾಕಿಗಳಿಗಿಂತ ಸೀರೆ ತೋರಿಸುವ ಹುಡುಗರೇ ಹೆಚ್ಚಿದ್ದರು. ನಲವತ್ತು ಸೀರೆ ಬಿಚ್ಚಿದರೂ ಅವರಿಗೆ ಬೇಸರವಾಗಲಿಲ್ಲ. ಕೊನೆಗೆ ಯಜಮಾನರು ಚೀಟಿಯ ಬೆಲೆಯಲ್ಲಿ ಕಾಲು ಭಾಗ ಇಳಿಸಿ, ಮೇಲೊಂದು ರವಿಕೆ ಕಣವನ್ನೂ ಇಟ್ಟರು. ವರಮಹಾಲಕ್ಷ್ಮಿಯ ಹಿಂದಿನ ವಾರ ಇದೇ ಅಂಗಡಿಗೆ ಹೋದರೆ ಕೂರಲು ಜಾಗ ಸಿಗುವುದಿಲ್ಲ, ಬೆಲೆಯ ಮಾತೆತ್ತಲು ಯಾರೂ ಬಿಡುವಾಗಿರುವುದಿಲ್ಲ.

ಆಷಾಢದ ರಿಯಾಯಿತಿ ಸುಮ್ಮನೆ ಹುಟ್ಟಿದ್ದಲ್ಲ. ಆ ತಿಂಗಳು ನಮ್ಮಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಜವಳಿ ಕೊಳ್ಳುವವರಿಲ್ಲ. ಆದರೆ ಅಂಗಡಿಯ ಬಾಡಿಗೆಗೆ, ಹುಡುಗರ ಸಂಬಳಕ್ಕೆ, ಕರೆಂಟ್ ಬಿಲ್ಲಿಗೆ ಆಷಾಢವೆಂಬುದಿಲ್ಲ. ಶ್ರಾವಣಕ್ಕೆ ಹೊಸ ಮಾಲು ತರಿಸಬೇಕಾದರೆ ಹಳೆಯದು ದುಡ್ಡಾಗಬೇಕು. ಆಗ ನಾವು ಹೋದರೆ ಎರಡೂ ಕಡೆಯವರಿಗೆ ಗಿಟ್ಟುತ್ತದೆ. ಹಬ್ಬದ ಖರೀದಿಯ ಬಗ್ಗೆ ಯಾರು ಕೇಳಿದರೂ ನಾನು ಮೊದಲು ಪಂಚಾಂಗ ನೋಡಿ ಎನ್ನುತ್ತೇನೆ. ಯಾರಿಗೂ ಬೇಡವಾದ ಹೊತ್ತಿನಲ್ಲಿ ಕೊಂಡಿಡುವುದಕ್ಕಿಂತ ದೊಡ್ಡ ಕೂಪನ್ನನ್ನು ಯಾವ ಕಂಪನಿಯೂ ಅಚ್ಚು ಹಾಕಿಲ್ಲ.

ಹಾಗೆಂದು ಕೂಪನ್ನು ಕೀಳೇನಲ್ಲ. ಅಮೆರಿಕದ ಅಟ್ಲಾಂಟಾದಲ್ಲಿ 1887ರಲ್ಲಿ ಕೋಕ-ಕೋಲಾ ಒಂದು ಲೋಟ ಪಾನೀಯ ಪುಕ್ಕಟೆ ಎಂದು ಚೀಟಿ ಹಂಚಿತು. ಕೂಪನ್ನಿನ ಕಥೆಯನ್ನು ಸಾಮಾನ್ಯವಾಗಿ ಅಲ್ಲಿಂದಲೇ ಹೇಳುತ್ತಾರೆ. ನಮ್ಮ ಸಂತೆಯಲ್ಲಿ ಇದಕ್ಕೆ ಬೇರೆ ರೂಪವಿತ್ತು, ಹೆಸರೂ ಇತ್ತು: ಕೊಸರು. ಸೇರು ಅಳೆದು ಚೀಲಕ್ಕೆ ಸುರಿದ ಮೇಲೆ ಇನ್ನೊಂದು ಹಿಡಿ. ಮಲ್ಲಿಗೆಯನ್ನು ಮೊಳ ಹಾಕಿ, ಹರಿಯುವ ಮುನ್ನ ಬೆರಳಿನುದ್ದ ಮುಂದಕ್ಕೆ ಬಿಡುವುದು. ಸೊಪ್ಪಿನ ಕಟ್ಟುಗಳ ಮೇಲೆ ನಾಲ್ಕೆಸಳು ಕೊತ್ತಂಬರಿ. ನಮ್ಮಮ್ಮ ಬೆಲೆಗಾಗಿ ಹೆಚ್ಚು ಜಗ್ಗಾಡಿದವರಲ್ಲ. ‘ಕೊಸರು ಹಾಕಪ್ಪಾ’ ಎಂದಷ್ಟೇ ಹೇಳಿ ಚೀಲದ ಬಾಯಿ ಅಗಲ ಮಾಡುತ್ತಿದ್ದರು. ಕೊಸರಿಗೆ ಕೊನೆಯ ದಿನಾಂಕ ಇರಲಿಲ್ಲ, ಕನಿಷ್ಠ ಖರೀದಿಯ ಷರತ್ತೂ ಇರಲಿಲ್ಲ. ಕೂಪನ್ನಿಗೆ ಇವೆರಡೂ ಇವೆ. ಅದಕ್ಕೇ ಕೂಪನ್ ಕೈಗೆ ಬಂದಾಗ ಪೆನ್ಸಿಲ್ ಹಿಡಿದು ಕೂರಬೇಕು.

‘50+20’ ಎಂದು ಬರೆದ ಬೋರ್ಡನ್ನು ನೋಡಿ. ಅದು 70 ಅಲ್ಲ. ₹2,000 ಬೆಲೆಯ ಅಂಗಿ ಮೊದಲು ₹1,000ಕ್ಕೆ ಇಳಿಯುತ್ತದೆ, ಶೇ 20 ಕಳೆಯುವುದು ಆ ಸಾವಿರದ ಮೇಲೆ. ಕೊಡುವುದು ₹800, ಉಳಿದದ್ದು ಶೇ 60. ‘ಎರಡು ಕೊಂಡರೆ ಒಂದು ಉಚಿತ’ ಎಂದರೆ ಮೂರನೇ ಒಂದು ಭಾಗದ ರಿಯಾಯಿತಿ, ಅದೂ ಮೂರು ಬೇಕಿದ್ದವರಿಗೆ ಮಾತ್ರ. ಆನ್‌ಲೈನ್ ಮಾರಾಟದ ದಿನಗಳಲ್ಲಿ ಬ್ಯಾಂಕ್ ಕಾರ್ಡಿಗೆ ಶೇ 10 ಎಂದು ದೊಡ್ಡದಾಗಿ ಬರೆದು, ಗರಿಷ್ಠ ₹1,000 ಎಂದು ಸಣ್ಣದಾಗಿ ಬರೆದಿರುತ್ತಾರೆ. ₹10,000 ಖರೀದಿಗೆ ಅದು ನಿಜಕ್ಕೂ ಶೇ 10. ₹25,000ದ ಫ್ರಿಜ್ಜಿಗೆ ಶೇ 4 ಮಾತ್ರ. ಇಂಥ ಕಾರ್ಡನ್ನು ಫ್ರಿಜ್ಜಿಗೆ ಬಳಸದೆ, ಮಿಕ್ಸಿ ಮತ್ತು ಕುಕ್ಕರ್ ಸೇರಿ ಹತ್ತು ಸಾವಿರದ ಹತ್ತಿರ ಬರುವ ಬಿಲ್ಲಿಗೆ ಬಳಸಿದರೆ ಅದರ ಪೂರ್ತಿ ಬಲ ಸಿಗುತ್ತದೆ.

ಬಡ್ಡಿಯಿಲ್ಲದ ಕಂತಿನ ಮಾತನ್ನೂ ಇಲ್ಲೇ ಮುಗಿಸುತ್ತೇನೆ. ಬ್ಯಾಂಕು ಬಡ್ಡಿ ಬಿಡುವುದಿಲ್ಲ. ಬಡ್ಡಿಯಷ್ಟೇ ಮೊತ್ತವನ್ನು ಮಾರುವವರು ಮೊದಲೇ ರಿಯಾಯಿತಿಯಾಗಿ ಕಳೆಯುತ್ತಾರೆ. ಆ ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ ನಮ್ಮದೇ. ಬಡ್ಡಿ ₹1,300 ಎಂದಿಟ್ಟುಕೊಂಡರೆ ತೆರಿಗೆ ₹234, ಜೊತೆಗೆ ಹಲವು ಬ್ಯಾಂಕುಗಳ ಸಂಸ್ಕರಣಾ ಶುಲ್ಕ. ಪೂರ್ತಿ ಹಣ ಕೊಟ್ಟರೆ ಎಷ್ಟು ಇಳಿಸುತ್ತೀರಿ ಎಂದು ಕೇಳದೆ ಕಂತಿಗೆ ಸಹಿ ಹಾಕಬೇಡಿ.

ಸಿದ್ಧ ಉಡುಪು ಕೊಳ್ಳುವವರಿಗೆ ಇನ್ನೊಂದು ಸೂಕ್ಷ್ಮವಿದೆ. 2025ರ ಸೆಪ್ಟೆಂಬರ್ 22ರ ಜಿಎಸ್‌ಟಿ ಬದಲಾವಣೆಯ ನಂತರ ಒಂದು ಉಡುಪಿನ ಮಾರಾಟ ಬೆಲೆ ₹2,500ರ ಒಳಗಿದ್ದರೆ ತೆರಿಗೆ ಶೇ 5, ಮೀರಿದರೆ ಶೇ 18. ಬಿಲ್ಲಿನಲ್ಲೇ ತೋರಿಸಿದ ರಿಯಾಯಿತಿ ಕಳೆದ ಮೇಲಿನ ಬೆಲೆಗೆ ಈ ಲೆಕ್ಕ. ಗಡಿಯನ್ನು ತುಸುವೇ ಮೀರಿದ ಕುರ್ತಾಕ್ಕೆ ಕೈಯಲ್ಲಿರುವ ಕೂಪನ್ ಬಳಸಿದರೆ ಎರಡು ಕಡೆಯಿಂದ ಉಳಿಯುತ್ತದೆ.

ಮೊಬೈಲಿನ ಕೂಪನ್ನುಗಳಿಗೆ ನನ್ನದೊಂದು ಪದ್ಧತಿಯಿದೆ. ಬೇಕಾದ ಸಾಮಾನಿನ ಪಟ್ಟಿ ನವರಾತ್ರಿಗೆ ಮುಂಚೆಯೇ ನೋಟ್‌ಬುಕ್ಕಿನಲ್ಲಿ ಬರೆದು, ಪಕ್ಕದಲ್ಲಿ ಆ ದಿನದ ಬೆಲೆ ಹಾಕಿಡುತ್ತೇನೆ. ಮಾರಾಟ ಶುರುವಾದಾಗ ಅಡ್ಡಗೆರೆ ಹೊಡೆದ ‘ಹಳೆಯ ಬೆಲೆ’ ಮತ್ತು ನನ್ನ ಪುಸ್ತಕದ ಬೆಲೆಯನ್ನು ಪಕ್ಕಪಕ್ಕ ಇಡುತ್ತೇನೆ. ಒಮ್ಮೆ ಒಂದು ಇಡ್ಲಿ ಪಾತ್ರೆಯ ‘ಹಳೆಯ ಬೆಲೆ’ ನಾನು ಬರೆದಿದ್ದಕ್ಕಿಂತ ₹400 ಹೆಚ್ಚಿತ್ತು; ರಿಯಾಯಿತಿ ಕಳೆದ ಮೇಲೆ ಮೊದಲಿನ ಬೆಲೆಯೇ ಆಗಿತ್ತು. ಬುಟ್ಟಿಗೆ ಹಾಕಿದ ಸಾಮಾನನ್ನು ಎರಡು ಮೂರು ದಿನ ಹಾಗೇ ಬಿಟ್ಟರೆ ಹಲವು ಆ್ಯಪ್‌ಗಳು ತಾವಾಗಿಯೇ ಒಂದು ಕೂಪನ್ ಕಳಿಸುತ್ತವೆ. ಓಡುವ ಗಡಿಯಾರಕ್ಕೆ ಹೆದರಬೇಕಿಲ್ಲ. ಸುಳ್ಳು ಅವಸರ ಹುಟ್ಟಿಸುವುದು, ಹೇಳದೆ ಬುಟ್ಟಿಗೆ ಏನಾದರೂ ಸೇರಿಸುವುದು, ಕೊನೆಯಲ್ಲಿ ಶುಲ್ಕ ಏರಿಸುವುದು ಸೇರಿದಂತೆ 13 ಬಗೆಯ ಮೋಸದ ವಿನ್ಯಾಸಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲೇ ಪಟ್ಟಿ ಮಾಡಿ ನಿಷೇಧಿಸಿದೆ. ಅಂಥದ್ದು ಕಂಡರೆ 1915ಕ್ಕೆ ಕರೆ ಮಾಡಿ.

ಇಷ್ಟಾದರೂ ನನ್ನ ಮನಸ್ಸು ಎಳೆಯುವುದು ಪೇಟೆಯ ಕಡೆಗೇ. ಬೆಂಗಳೂರಿನ ಹಳೆಯ ಪೇಟೆಗಳಲ್ಲಿ ಹೆಸರೇ ಅಂಗಡಿಯ ಬೋರ್ಡು. ಬಳೇಪೇಟೆ, ತರಗುಪೇಟೆ, ಅಕ್ಕಿಪೇಟೆ. ಇವತ್ತು ಮಾಮೂಲ್‌ಪೇಟೆಯಲ್ಲಿ ಪ್ಲಾಸ್ಟಿಕ್ ಡಬ್ಬ, ಚೀಲ, ಮನೆ ಸಾಮಾನು. ಸುಲ್ತಾನ್‌ಪೇಟೆಯಲ್ಲಿ ಕಾಗದ, ಲಗ್ನಪತ್ರಿಕೆ. ಚಿಕ್ಕಪೇಟೆಗೆ ಮೆಟ್ರೊ ಬಂದ ಮೇಲೆ ವಾಹನ ನಿಲ್ಲಿಸುವ ಕಷ್ಟ, ಆಟೊದ ಖರ್ಚು ಎರಡೂ ತಪ್ಪಿವೆ. ಹತ್ತೂವರೆಗೆ ಅಲ್ಲಿದ್ದರೆ ಬೋಣಿಯ ಹೊತ್ತು. ಬೋಣಿ ಗಿರಾಕಿಯನ್ನು ಬರಿಗೈಲಿ ಕಳಿಸಲು ಯಾವ ವ್ಯಾಪಾರಿಗೂ ಮನಸ್ಸಾಗುವುದಿಲ್ಲ. ಆದರೆ ಕೊಳ್ಳುವ ಮನಸ್ಸಿಲ್ಲದೆ ಬೋಣಿಯ ಹೊತ್ತಿನಲ್ಲಿ ಬೆಲೆ ಕೇಳಿ ಎದ್ದು ಬರುವುದು ಸರಿಯಲ್ಲ. ಆ ಶಿಸ್ತನ್ನು ನಾನು ಮುರಿದಿಲ್ಲ.

ಚೌಕಾಸಿಗೆ ದೊಡ್ಡ ದನಿ ಬೇಡ. ‘ನೋಡಿ ಹಾಕ್ಕೊಡಿ’ ಎಂಬ ಎರಡು ಮಾತು ಸಾಕು. ಅದರಲ್ಲಿ ಬೇಡಿಕೆಯೂ ಇದೆ, ನಂಬಿಕೆಯೂ ಇದೆ. ‘ಗಿಟ್ಟಲ್ಲ ಅಕ್ಕಾ’ ಎಂದು ಎರಡನೇ ಸಲ ಹೇಳಿದರೆ ನಾನು ನಿಲ್ಲಿಸುತ್ತೇನೆ. ಎರಡನೆಯದು ಬಹುಮಟ್ಟಿಗೆ ನಿಜವಾಗಿರುತ್ತದೆ.

ತರಗುಪೇಟೆಗೆ ನಾವು ಬೀದಿಯ ನಾಲ್ಕು ಮನೆಯವರು ಒಟ್ಟಿಗೆ ಹೋಗುತ್ತೇವೆ. ಕಡಲೆಬೇಳೆ, ಬೆಲ್ಲ, ಹುರಿಗಡಲೆ, ಒಣದ್ರಾಕ್ಷಿ ಎಲ್ಲವನ್ನೂ ಸಗಟು ಬೆಲೆಗೆ ಒಂದೇ ಬಿಲ್ಲಿನಲ್ಲಿ ತಂದು, ನಮ್ಮ ಜಗಲಿಯಲ್ಲಿ ತಕ್ಕಡಿ ಇಟ್ಟು ಹಂಚಿಕೊಳ್ಳುತ್ತೇವೆ. ಗೋಡಂಬಿ ಕೊಳ್ಳುವಾಗ ಒಂದು ವಿಷಯ ತಿಳಿದಿರಲಿ. ಡಬ್ಬದ ಮೇಲಿನ 240, 320 ಎಂಬ ಅಂಕಿ ಒಂದು ಪೌಂಡಿಗೆ ಎಷ್ಟು ಬೀಜ ತೂಗುತ್ತವೆ ಎಂಬ ಲೆಕ್ಕ. ಅಂಕಿ ಸಣ್ಣದಾದಷ್ಟೂ ಬೀಜ ದಪ್ಪ, ಬೆಲೆ ಹೆಚ್ಚು. ನೆಂಟರ ಮನೆಗೆ ಡಬ್ಬಿಯಲ್ಲಿ ಕೊಡುವುದಾದರೆ 240 ಚೆಂದ. ಪಾಯಸಕ್ಕೆ, ರವೆ ಉಂಡೆಗೆ ಹೇಗೂ ಮುರಿದೇ ಹಾಕುತ್ತೇವೆ. ತುಂಡು ಗೋಡಂಬಿಯ ರುಚಿ ಅದೇ, ಬೆಲೆ ಬಹಳ ಕಡಿಮೆ. ಸೂಪರ್ ಮಾರ್ಕೆಟ್ಟಿನ ಪೊಟ್ಟಣ ಕೊಳ್ಳುವವರು ಗರಿಷ್ಠ ಬೆಲೆಯ ಹತ್ತಿರವೇ ಮುದ್ರಿಸಿರುವ ಒಂದು ಗ್ರಾಮಿನ ದರ ಹೋಲಿಸಿ. ದೊಡ್ಡ ‘ಹಬ್ಬದ ಪ್ಯಾಕ್’ ಎಷ್ಟೋ ಸಲ ಸಣ್ಣ ಪೊಟ್ಟಣಕ್ಕಿಂತ ತುಟ್ಟಿಯಾಗಿರುತ್ತದೆ.

ಹೂವಿನ ಲೆಕ್ಕವೇ ಬೇರೆ. ಹಬ್ಬದ ಹಿಂದಿನ ದಿನ ಕೆ.ಆರ್. ಮಾರುಕಟ್ಟೆಯಲ್ಲಿ ಕನಕಾಂಬರದ ಬೆಲೆ ಕೇಳುವುದೇ ಕಷ್ಟ. ಸೇವಂತಿಗೆ ಎರಡು ಮೂರು ದಿನ ತಡೆಯುತ್ತದೆ. ಒದ್ದೆ ಬಟ್ಟೆಯಲ್ಲಿ ಸುತ್ತಿ ತಂಪಾದ ಕಡೆ ಇಟ್ಟರೆ ಬಾಡುವುದಿಲ್ಲ. ಅದನ್ನು ಮುಂಚೆಯೇ ತನ್ನಿ. ಮಲ್ಲಿಗೆ ಮಾತ್ರ ಅಂದಂದಿಗೆ, ಮೊಳದ ಲೆಕ್ಕದಲ್ಲಿ, ಮನೆಯ ಹತ್ತಿರದ ಹೂವಿನವರ ಬಳಿ. ಆಯುಧಪೂಜೆಯ ಬೂದುಗುಂಬಳ ತಿಂಗಳುಗಟ್ಟಲೆ ಕೆಡದ ಕಾಯಿ. ಅದಕ್ಕೆ ಹಬ್ಬದ ಬೆಳಿಗ್ಗೆ ಮೂರು ಪಟ್ಟು ಕೊಡುವುದು ಯಾತಕ್ಕೆ? ನಾವು ಹದಿನೈದು ದಿನ ಮುಂಚೆ ತಂದು ಅಟ್ಟದ ಮೇಲೆ ಇಡುತ್ತೇವೆ.

ಹೂವಿನವರ ಹತ್ತಿರ ನಾನು ಚೌಕಾಸಿ ಮಾಡುವುದಿಲ್ಲ. ಹಬ್ಬದ ರಾತ್ರಿ ಉಳಿದ ಹೂವು ಮರುದಿನ ಕಸ. ಅವರ ನಷ್ಟವನ್ನು ಯಾವ ಕಂಪನಿಯೂ ತುಂಬಿಕೊಡುವುದಿಲ್ಲ. ತಕ್ಕಡಿಯ ಆ ಕಡೆ ಯಾರು ಕೂತಿದ್ದಾರೆ ಎಂದು ನೋಡದೆ ಉಳಿಸಿದ ದುಡ್ಡು ನನಗೆ ಉಳಿತಾಯ ಎನ್ನಿಸುವುದಿಲ್ಲ.

ಬಡ ಮನೆಗಳಲ್ಲಿ ಹಬ್ಬವನ್ನು ಎತ್ತಿ ಹಿಡಿದಿರುವುದು ಕೂಪನ್ನಲ್ಲ, ಚೀಟಿ. ತಿಂಗಳು ತಿಂಗಳು ಇನ್ನೂರೋ ಮುನ್ನೂರೋ ಕಟ್ಟಿದರೆ ಯುಗಾದಿಗೆ ಎಣ್ಣೆ, ಬೇಳೆ, ಬೆಲ್ಲ, ಅಕ್ಕಿಯ ಮೂಟೆ ಮನೆಗೆ ಬರುತ್ತದೆ. ದೀಪಾವಳಿಗೆ ಪಟಾಕಿ ಚೀಟಿ. ಮಂಡ್ಯ, ರಾಮನಗರದ ಕಡೆ ಹೊಸತೊಡಕಿಗೆ ಮಾಂಸದ ಚೀಟಿ. ನಮ್ಮ ಮನೆಗೆಲಸಕ್ಕೆ ಬರುವ ಅಕ್ಕ ಹೀಗೆಯೇ ಹಬ್ಬ ನಡೆಸುವವರು. ಒಂದು ವರ್ಷ ಚೀಟಿ ನಡೆಸುತ್ತಿದ್ದವನು ಹಬ್ಬಕ್ಕೆ ವಾರವಿರುವಾಗ ಬೀಗ ಹಾಕಿಕೊಂಡು ಹೋದ. ಆ ಸಲ ಅವರ ಮಕ್ಕಳು ಹೋಳಿಗೆ ಕಾಣಲಿಲ್ಲ. ಈಗ ಅವರ ಬೀದಿಯ ಹನ್ನೆರಡು ಹೆಂಗಸರು ಸ್ವಸಹಾಯ ಸಂಘದ ಖಾತೆಯಲ್ಲೇ ದುಡ್ಡು ಕೂಡಿಟ್ಟು, ತಾವೇ ತರಗುಪೇಟೆಗೆ ಹೋಗಿ ಸಾಮಾನು ತರುತ್ತಾರೆ. ಬೇಳೆಯ ಬೆಲೆಯನ್ನು ಅವರಷ್ಟು ಚೆನ್ನಾಗಿ ಮಾತಾಡುವವರನ್ನು ನಾನು ನೋಡಿಲ್ಲ.

ಪಟಾಕಿಯಲ್ಲಿ ಮಾತ್ರ ಅಗ್ಗ ಹುಡುಕಬೇಡಿ. ಡಬ್ಬಿಯ ಮೇಲೆ ₹1,000 ಅಚ್ಚು ಹಾಕಿ ಶೇ 80 ರಿಯಾಯಿತಿ ಎಂದರೆ ಅದರ ಬೆಲೆ ಮೊದಲಿಂದಲೂ ₹200 ಎಂದೇ ಅರ್ಥ. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಗೋದಾಮಿಗೆ ಬೆಂಕಿ ಬಿದ್ದು ಹದಿನಾಲ್ಕಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಚ್ಚಿನವರು ಹಬ್ಬದ ಕಾಲಕ್ಕೆಂದು ಕೂಲಿಗೆ ಬಂದಿದ್ದ ತಮಿಳುನಾಡಿನ ಹುಡುಗರು. ಆಮೇಲೆ ಆ ದಾರಿಯ ಪಟಾಕಿ ಸಾಲಿಗೆ ನಾವು ಹೋಗಿಲ್ಲ. ಎರಡು ಡಬ್ಬಿ ಹಸಿರು ಪಟಾಕಿಯನ್ನು ಪರವಾನಗಿಯಿರುವ ಮೈದಾನದ ಮಳಿಗೆಯಲ್ಲಿ, ಅವರು ಹೇಳಿದ ಬೆಲೆಗೆ ತರುತ್ತೇವೆ.

ನಮ್ಮ ಮನೆಯಲ್ಲಿ ದೀಪಾವಳಿಯ ದೊಡ್ಡ ಖರ್ಚು ಎಣ್ಣೆಯದು. ಹೊಸ ಹಣತೆ ಎಣ್ಣೆ ಕುಡಿಯುತ್ತದೆ. ಹಿಂದಿನ ರಾತ್ರಿಯೇ ನೀರಿನಲ್ಲಿ ಮುಳುಗಿಸಿ, ಬೆಳಿಗ್ಗೆ ಬಿಸಿಲಿಗೆ ಒಣಗಿಸಿದರೆ ಆ ದಾಹ ಕಡಿಮೆಯಾಗುತ್ತದೆ. ಹೋದ ವರ್ಷದ ಹಣತೆಗಳನ್ನು ಸೀಗೆಪುಡಿ ಹಾಕಿ ಬಿಸಿನೀರಿನಲ್ಲಿ ತೊಳೆದಿಟ್ಟಿದ್ದೇನೆ. ಇಪ್ಪತ್ತಾರು ಇವೆ, ಎರಡಕ್ಕೆ ಮಾತ್ರ ಅಂಚು ಒಡೆದಿದೆ. ಬಲಿಪಾಡ್ಯಮಿಯ ಮರುದಿನ ಫುಟ್‌ಪಾತಿನಲ್ಲಿ ಉಳಿದ ಹಣತೆಗಳನ್ನು ಒಟ್ಟಿಗೇ ಕೊಂಡರೆ ಮಾರುವವರಿಗೆ ಹೊತ್ತೊಯ್ಯುವ ಭಾರ ತಪ್ಪುತ್ತದೆ, ನಮಗೆ ಕಾರ್ತಿಕ ಪೂರ್ತಿ ಹಚ್ಚಲು ದೀಪ ಸಿಗುತ್ತದೆ. ಆ ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಸಂಕ್ರಾಂತಿಯ ಎಳ್ಳು-ಬೆಲ್ಲಕ್ಕೆ ಬೇಕಾದ ಕಡಲೆಕಾಯಿಯನ್ನು ಅಲ್ಲೇ, ಮಾರುವವರು ಊರಿಗೆ ಗಂಟು ಕಟ್ಟುವ ಹೊತ್ತಿಗೆ ಹೋಗಿ ತರುತ್ತೇವೆ. ನೋಟ್‌ಬುಕ್ಕಿನ ಮುಂದಿನ ಪುಟದಲ್ಲಿ ಅದಕ್ಕೆ ಈಗಲೇ ಬರೆದಾಗಿದೆ: ಐದು ಸೇರು, ಬಟ್ಟೆ ಚೀಲ ಎರಡು.