ಮರುಚಿತ್ರಿತ ರೋಮ್: ನೋಟವೂ ಆಧಾರವೂ

ಪ್ರಾಚೀನ ನಗರವೊಂದನ್ನು ಗಣಕಯಂತ್ರದಲ್ಲಿ ಮರಳಿ ಕಟ್ಟಿ, ಪ್ರೇಕ್ಷಕನು ಹೆಡ್‌ಸೆಟ್ ಧರಿಸಿ ಅದರೊಳಗೆ ಸಂಚರಿಸುವಂತೆ ಮಾಡುವ ವರ್ಚುವಲ್ ರಿಯಾಲಿಟಿ ದೃಶ್ಯಗಳು ಈಗ ಇತಿಹಾಸದ ಬೋಧನೆಯನ್ನೂ ಪ್ರವೇಶಿಸಿವೆ. ಯಂತ್ರದ ಶಕ್ತಿ ಹೆಚ್ಚಿದಂತೆಲ್ಲ ಇಂಥ ದೃಶ್ಯಗಳನ್ನು ಹೊಸದಾಗಿ ಚಿತ್ರಿಸುವುದು ವಾಡಿಕೆ. ಹೀಗೆ ಮರುಚಿತ್ರಿಸುವಾಗ ಕಣ್ಣಿಗೆ ದೊರೆಯುವ ಲಾಭವೇನು, ಇತಿಹಾಸಕ್ಕೆ ತಗಲುವ ನಷ್ಟವೇನು ಎಂಬುದನ್ನು ‘ರೋಮ್ ರಿಬಾರ್ನ್’ ಎಂಬ ಪ್ರಸಿದ್ಧ ಯೋಜನೆಯ ನಿದರ್ಶನದಿಂದ ವಿಚಾರ ಮಾಡುವುದು ಪ್ರಕೃತ ಲೇಖನದ ಉದ್ದೇಶ.

ಬರ್ನಾರ್ಡ್ ಫ್ರಿಷರ್ ಅವರ ನೇತೃತ್ವದಲ್ಲಿ 1996ರಲ್ಲಿ ಅಮೆರಿಕದಲ್ಲಿ ಆರಂಭವಾದ ಈ ಯೋಜನೆಯು ಕ್ರಿ. ಶ. 320ರ, ಎಂದರೆ ಚಕ್ರವರ್ತಿ ಕಾನ್‌ಸ್ಟಂಟೈನನ ಕಾಲದ, ರೋಮ್ ನಗರವನ್ನು ತೋರಿಸುತ್ತದೆ. 2007ರ ಮೊದಲನೆಯ ಆವೃತ್ತಿಯಲ್ಲಿ ಸುಮಾರು 7,000 ಕಟ್ಟಡಗಳಿದ್ದವು. ಅವುಗಳಲ್ಲಿ ಸುಮಾರು 30ನ್ನು ಮಾತ್ರ ವಿವರವಾಗಿ ರಚಿಸಲಾಗಿತ್ತು. ಉಳಿದವುಗಳ ರೂಪವನ್ನು, ವಾಸ್ತುಶಿಲ್ಪಿ ಇಟಾಲೊ ಜಿಸ್ಮೊಂಡಿ 1930ರ ದಶಕದಿಂದ ಮೊದಲುಗೊಂಡು 1:250ರ ಅಳತೆಯಲ್ಲಿ ನಿರ್ಮಿಸಿದ ಗಾರೆಯ ಮಾದರಿಯಿಂದ ಲೇಸರ್ ಸಹಾಯದಿಂದ ಪಡೆದಿದ್ದರು. 2008ರ ಎರಡನೆಯ ಆವೃತ್ತಿಯಲ್ಲಿ ಈ ಒರಟು ಮನೆಗಳು ಮರೆಯಾದವು. ಕಟ್ಟಡದ ಬಗೆಗೆ ತಕ್ಕ ನಿಯಮಗಳನ್ನು ಗಣಕಕ್ಕೆ ಕೊಟ್ಟು, ಬಾಗಿಲು ಕಿಟಕಿಗಳುಳ್ಳ ಮನೆಗಳನ್ನು ಅದರಿಂದಲೇ ಸೃಷ್ಟಿಸಿದರು. 2018ರಿಂದ ಹೆಡ್‌ಸೆಟ್ಟಿಗೆ ಹೊಂದುವ ಆವೃತ್ತಿಗಳು ಹೊರಬಂದವು.

ನೋಟದ ದೃಷ್ಟಿಯಿಂದ ಇದು ಪ್ರಗತಿಯೆಂಬುದನ್ನು ಅಲ್ಲಗಳೆಯುವಂತಿಲ್ಲ. ಮೇಲಿನಿಂದ ನೋಡಲೆಂದು ಮಾಡಿದ ಗಾರೆಯ ಮನೆಯು ಬೀದಿಯಲ್ಲಿ ನಡೆಯುವವನ ಕಣ್ಣಿಗೆ ಬರಿಯ ದಿಮ್ಮಿಯಂತೆ ತೋರುತ್ತದೆ. ಆದರೆ ಹೊಸ ಕಿಟಕಿಗಳಿಗೆ ಆಧಾರವೇನು? ಮನೆಗಳ ವಿನ್ಯಾಸಕ್ಕೆ ನಮಗಿರುವ ಮುಖ್ಯ ಸಾಕ್ಷ್ಯಗಳಲ್ಲೊಂದು, ಕ್ರಿ. ಶ. 203ರಿಂದ 211ರ ಅವಧಿಯಲ್ಲಿ ಅಮೃತಶಿಲೆಯ ಫಲಕಗಳ ಮೇಲೆ ಕೊರೆದ ನಗರದ ನಕ್ಷೆ. ಅದರಲ್ಲಿ ಉಳಿದಿರುವುದು ಸುಮಾರು ಹತ್ತರಲ್ಲೊಂದು ಪಾಲು. ಅದು ಕೂಡ ನೆಲಗಟ್ಟಿನ ಗೋಡೆಗಳನ್ನು ಹೇಳುತ್ತದೆಯೇ ಹೊರತು ಎತ್ತರವನ್ನಾಗಲಿ ಮುಂಗೋಡೆಯ ರೂಪವನ್ನಾಗಲಿ ಹೇಳುವುದಿಲ್ಲ. ಇದಕ್ಕೆ ಪ್ರತಿಯಾಗಿ, ಮ್ಯಾಕ್ಸೆನ್ಷಿಯಸನು ಆರಂಭಿಸಿ ಕಾನ್‌ಸ್ಟಂಟೈನನು ಮುಗಿಸಿದ ಬೆಸಿಲಿಕಾದ ಉತ್ತರ ಪಾರ್ಶ್ವದ ಮೂರು ಬೃಹತ್ ಕಮಾನುಗಳು ಇಂದಿಗೂ ನಿಂತಿವೆ.

ಒಂದಕ್ಕೆ ಕಲ್ಲೂ ಇಟ್ಟಿಗೆಯೂ ಸಾಕ್ಷಿ. ಇನ್ನೊಂದಕ್ಕೆ ನಿಯಮಬದ್ಧವಾದ ಊಹೆ. ಎರಡರ ಮೇಲೂ ಒಂದೇ ಬಿಸಿಲು, ಒಂದೇ ನಯಗಾರಿಕೆ ಬಿದ್ದಾಗ ಈ ಭೇದ ಅಳಿಸಿಹೋಗುತ್ತದೆ. ಮೊದಲಿನ ಒರಟುತನವು ಉದ್ದೇಶಪೂರ್ವಕವಲ್ಲದಿದ್ದರೂ ನಮ್ಮ ಅಜ್ಞಾನದ ಗುರುತಾಗಿತ್ತು. ಗ್ರಂಥದಲ್ಲಿ ಅಡಿಟಿಪ್ಪಣಿಯುಂಟು, ಉತ್ಖನನದ ನಕ್ಷೆಯಲ್ಲಿ ಊಹಿತ ಗೋಡೆಗೆ ಚುಕ್ಕೆಗೆರೆಯುಂಟು. ಸುತ್ತಲೂ ನಗರವೇ ನಿಂತಿರುವಾಗ ಸಂದೇಹಪಡಲು ಪ್ರೇಕ್ಷಕನಿಗೆ ಅವಕಾಶವೆಲ್ಲಿ?

ಊಹೆಯ ಭಾಗಗಳನ್ನೆಲ್ಲ ಬೂದುಬಣ್ಣದಲ್ಲಿ ಬಿಟ್ಟರೆ ನಗರದ ಜೀವಕಳೆಯೇ ಹೋಗುವುದೆಂದು ಚಿತ್ರಕಾರರು ಆಕ್ಷೇಪಿಸಬಹುದು. ಈ ಆಕ್ಷೇಪಣೆಯಲ್ಲಿ ಹುರುಳಿದೆ. ಅಲ್ಲದೆ ಎರಡು ಕಣ್ಣುಗಳಿಗೂ ಬೇರೆಬೇರೆ ಚಿತ್ರವನ್ನು ಸೆಕೆಂಡಿಗೆ ಸುಮಾರು 90 ಬಾರಿ ಬರೆಯದಿದ್ದರೆ ನೋಡುವವನಿಗೆ ತಲೆ ಸುತ್ತಬಹುದಾದ್ದರಿಂದ, ದೃಶ್ಯದ ಮೇಲೆ ಹೆಚ್ಚಿನ ಹೊರೆ ಹೇರುವಂತಿಲ್ಲ. ಆದರೆ ನಗರವನ್ನು ಸದಾ ಬೂದಾಗಿಸಬೇಕಾಗಿಲ್ಲ. ದೃಶ್ಯವು ಪ್ರೇಕ್ಷಕನ ಕೈಗೆ ಪ್ರತಿಸ್ಪಂದಿಸುವಂಥದು. ಗುಂಡಿಯೊಂದನ್ನು ಒತ್ತಿದರೆ ಉಳಿದಿರುವುದು, ಆಧಾರದಿಂದ ಪೂರಯಿಸಿದ್ದು, ಬರಿಯ ಊಹೆ ಎಂಬ ಮೂರು ಬಣ್ಣಗಳು ಮೂಡಿದರೆ ಸಾಕು. 2021ರ ‘ಬಾಲ್‌ಬೆಕ್ ರಿಬಾರ್ನ್’ನಲ್ಲಿ ಲೆಬನಾನಿನ ದೇವಾಲಯಗಳ ಅಂದಿನ ರೂಪದಿಂದ ಇಂದಿನ ಸ್ಥಿತಿಗೆ ನೋಟವನ್ನು ಬದಲಿಸುವ ಅನುಕೂಲವಿದೆ. ಇದು ಶ್ಲಾಘ್ಯವೇ. ಆದರೂ ಏನು ಉಳಿದಿದೆಯೆಂಬುದು ಇದರಿಂದ ತಿಳಿಯುವುದೇ ಹೊರತು, ಸೇರಿಸಿದ್ದರಲ್ಲಿ ಯಾವುದು ಎಷ್ಟು ದೃಢವೆಂಬುದು ತಿಳಿಯದು. ಈ ಭೇದವನ್ನೂ ಅನಿಶ್ಚಯದ ಪ್ರಮಾಣವನ್ನೂ ನೋಡುವವರಿಗೆ ಸ್ಪಷ್ಟಪಡಿಸಬೇಕೆಂದು 2009ರ ಲಂಡನ್ ಸನ್ನದು ವಿಧಿಸಿದೆ.

ಆದ್ದರಿಂದ ಇಂಥ ದೃಶ್ಯವನ್ನು ಪಾಠಕ್ಕೆ ಬಳಸುವ ಅಧ್ಯಾಪಕರು ಅದು ಎಷ್ಟು ಸುಂದರವಾಗಿದೆಯೆಂದು ಕೇಳುವುದರ ಜೊತೆಗೆ, ಈ ಗೋಡೆಯನ್ನು ಯಾವ ಆಧಾರದಿಂದ ಎತ್ತಿದರೆಂದೂ ವಿದ್ಯಾರ್ಥಿಗಳಿಂದ ಕೇಳಿಸಬೇಕು. ದೃಶ್ಯದೊಳಗೇ ಅದಕ್ಕೆ ಉತ್ತರ ದೊರೆಯುವಂತೆ ಮಾಡುವುದು ಮುಂದಿನ ಮರುಚಿತ್ರಣದ ಮೊದಲ ಕೆಲಸವಾಗಬೇಕು.